ಗಂಡ ಕೆನಡಾದಲ್ಲಿ, ಸಾಲ ಇಬ್ಬರ ಹೆಸರಿನಲ್ಲಿ: ವಿಚ್ಛೇದನಕ್ಕೆ ಮೊದಲು ಮನೆಯನ್ನು ನನ್ನ ಹೆಸರಿಗೆ ಮಾಡಿಕೊಳ್ಳುವುದು ಹೇಗೆ?

ಪಾರಿಜಾತ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಳಗೇ ನುಂಗಿಕೊಂಡಿದ್ದ ವಿಷಯ. ಇನ್ನು ನಾಲ್ಕು ಜನರನ್ನು ಕೇಳದೆ ದಾರಿಯಿಲ್ಲ.

2017ರಲ್ಲಿ ಉತ್ತರ ಬೆಂಗಳೂರಿನಲ್ಲಿ ನಾವಿಬ್ಬರೂ ಸೇರಿ ಫ್ಲ್ಯಾಟ್ ಕೊಂಡೆವು. ಬೆಲೆ 62 ಲಕ್ಷ, ಸಾಲ 48 ಲಕ್ಷ. ಕ್ರಯಪತ್ರದಲ್ಲಿ ಇಬ್ಬರ ಹೆಸರು, ಸಾಲದ ಕಡತದಲ್ಲಿಯೂ ಇಬ್ಬರ ಹೆಸರು. ಕೈಯಿಂದ ಹಾಕಿದ 14 ಲಕ್ಷದಲ್ಲಿ 9 ಲಕ್ಷ ಅವರದು, 5 ಲಕ್ಷ ನನ್ನದು. ನನ್ನ ಪಾಲಿಗಾಗಿ ತವರಿನವರು ಕೊಟ್ಟ ಬಳೆಗಳನ್ನೂ ಅವಲಕ್ಕಿ ಸರವನ್ನೂ ಮಾರಿದ್ದೆ. 2021ರಲ್ಲಿ ಅವರು ಕೆಲಸಕ್ಕೆಂದು ಟೊರಾಂಟೊಗೆ ಹೋದರು. 2023ರ ಆಗಸ್ಟ್‌ನಿಂದ ಕಂತಿಗೆ ಅವರಿಂದ ಒಂದು ರೂಪಾಯಿಯೂ ಬಂದಿಲ್ಲ. ತಿಂಗಳಿಗೆ 41,655 ರೂಪಾಯಿ. 26 ತಿಂಗಳಿಂದ ನಾನೊಬ್ಬಳೇ ಕಟ್ಟುತ್ತಿದ್ದೇನೆ. ಇನ್ನೂ 38 ಲಕ್ಷ ಬಾಕಿ ಇದೆ. ನನ್ನ ಕೈಗೆ ಬರುವ ಸಂಬಳ 78 ಸಾವಿರ. ಒಂಬತ್ತು ವರ್ಷದ ಮಗಳು ನನ್ನ ಜೊತೆಗಿದ್ದಾಳೆ.

ಕಳೆದ ವಾರ ಬ್ಯಾಂಕಿಗೆ ಹೋಗಿ, ಸಾಲವನ್ನು ನನ್ನೊಬ್ಬಳ ಹೆಸರಿಗೆ ಮಾಡಿಕೊಡಿ ಎಂದು ಕೇಳಿದೆ. ಅಧಿಕಾರಿ ಅರ್ಜಿಯನ್ನು ನನ್ನ ಕಡೆಗೆ ತಿರುಗಿಸಿ, ಪೆನ್ನಿನ ತುದಿಯಿಂದ ಎರಡು ಚೌಕಗಳನ್ನು ತೋರಿಸಿದರು. ಒಂದು ನನ್ನ ಸಹಿಗೆ, ಇನ್ನೊಂದು ಸಹಸಾಲಗಾರರ ಸಹಿಗೆ. ಎರಡನೆಯದು ಇಲ್ಲದೆ ಕಡತ ಮುಂದಕ್ಕೆ ಹೋಗುವುದಿಲ್ಲ ಎಂದರು. ಗಂಡನಿಗೆ ಎಷ್ಟು ಸಂದೇಶ ಕಳಿಸಿದರೂ ಬೆಳಿಗ್ಗೆ ಏಳರ ಹೊತ್ತಿಗೆ ಎರಡು ಗೆರೆ ನೀಲಿಯಾಗುತ್ತವೆ, ಅಷ್ಟೇ. ಒಮ್ಮೆ ಮಾತ್ರ ಉತ್ತರ ಬಂತು: "ಮನೆ ಮಾರು. ಅರ್ಧ ಹಣ ಕಳಿಸು. ಆಮೇಲೆ ಮಾತು."

ನನಗೆ ಮನೆ ಮಾರುವ ಮನಸ್ಸಿಲ್ಲ. ಮಗಳ ಶಾಲೆ ಪಕ್ಕದ ಬೀದಿಯಲ್ಲಿದೆ. ಮೊದಲು ವಿಚ್ಛೇದನ ಪಡೆದು, ಆ ತೀರ್ಪನ್ನು ಬ್ಯಾಂಕಿಗೆ ತೋರಿಸಿದರೆ ಅವರ ಹೆಸರನ್ನು ತೆಗೆಯುತ್ತಾರೆಯೇ?

ಹಳೆಯ ಕಡತ:

ತಂಗಿ, ಮೂವತ್ತೊಂದು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ತೆಗೆಯುವುದಿಲ್ಲ. ನಿಮ್ಮ ಮದುವೆಯ ವ್ಯಾಜ್ಯದಲ್ಲಿ ಬ್ಯಾಂಕು ಕಕ್ಷಿದಾರನಲ್ಲ. "ಇನ್ನು ಮುಂದೆ ಹೆಂಡತಿಯೇ ಸಾಲ ತೀರಿಸತಕ್ಕದ್ದು" ಎಂದು ತೀರ್ಪಿನಲ್ಲಿ ಬರೆದಿದ್ದರೂ ಅದು ನಿಮ್ಮಿಬ್ಬರನ್ನು ಮಾತ್ರ ಕಟ್ಟಿಹಾಕುತ್ತದೆ. 1872ರ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ, ಜೊತೆಯಾಗಿ ಸಾಲಕ್ಕೆ ಸಹಿ ಹಾಕಿದವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣವನ್ನು ಕೇಳುವ ಹಕ್ಕು ಬ್ಯಾಂಕಿಗಿದೆ. ಅದೇ ಕಲಮು, ತನ್ನ ಪಾಲಿಗಿಂತ ಹೆಚ್ಚು ಕಟ್ಟಿದವರು ಇನ್ನೊಬ್ಬರಿಂದ ಅದನ್ನು ವಸೂಲು ಮಾಡಿಕೊಳ್ಳಬಹುದು ಎಂದೂ ಹೇಳುತ್ತದೆ. ಆದ್ದರಿಂದ ನೀವು ಕಟ್ಟಿದ ಪ್ರತಿ ಕಂತಿಗೂ ದಾಖಲೆ ಇರಲಿ. ಕಂತು ನಿಮ್ಮ ಖಾತೆಯಿಂದಲೇ ಹೋಗಲಿ. ಅಪ್ಪನ ಕೈಯಲ್ಲಿ ನಗದು ಕೊಟ್ಟು ಕಟ್ಟಿಸುವುದು ಬೇಡ.

ಇಲ್ಲಿ ಮೂರು ಗಂಟುಗಳಿವೆ: ಮದುವೆ, ಮನೆಯ ಒಡೆತನ, ಸಾಲ. ಕುಟುಂಬ ನ್ಯಾಯಾಲಯ, ಉಪನೋಂದಣಿ ಕಚೇರಿ, ಬ್ಯಾಂಕು, ಮೂರೂ ಬೇರೆ ಬೇರೆ ಬಾಗಿಲು. ಒಂದು ಬಿಚ್ಚಿದರೆ ಉಳಿದವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ ಎಂದುಕೊಂಡು ಮೋಸಹೋದವರನ್ನು ನಾನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡು ಎಷ್ಟೋ ಸಲ ನೋಡಿದ್ದೇನೆ.

ಸಾಲದ ಗಂಟು ಬಿಚ್ಚಲು, ಹಳೆಯ ಕಡತದಿಂದ ಒಂದು ಹೆಸರನ್ನು ಅಳಿಸಲು ಹೆಣಗುವುದಕ್ಕಿಂತ ನಿಮ್ಮೊಬ್ಬರ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ತೀರಿಸುವುದೇ ಸಲೀಸು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕ್ ಇದನ್ನು 2012ರಲ್ಲೇ ನಿಲ್ಲಿಸಿದೆ. 38 ಲಕ್ಷಕ್ಕೆ ಶೇ 8ರ ಬಡ್ಡಿಯಲ್ಲಿ 15 ವರ್ಷವೆಂದರೆ ಕಂತು 36 ಸಾವಿರದ ಆಸುಪಾಸು. ನಿಮ್ಮ ಸಂಬಳಕ್ಕೆ ಅದು ಬಿಗಿಯೇ, ಆದರೆ ಆಗದ ಮಾತಲ್ಲ. ಒಡೆತನ ನಿಮ್ಮೊಬ್ಬರದೇ ಆಗದೆ ಮಾತ್ರ ಯಾವ ಬ್ಯಾಂಕೂ ಹೊಸ ಸಾಲದ ಹಣ ಬಿಡುಗಡೆ ಮಾಡುವುದಿಲ್ಲ. ಮೊದಲು ಬಿಚ್ಚಬೇಕಾದ ಗಂಟು ಒಡೆತನದ್ದು.

ನೇರನುಡಿ:

ನಾನಾಗಿದ್ದರೆ ಇವತ್ತೇ ಕಂತು ನಿಲ್ಲಿಸುತ್ತಿದ್ದೆ. ಬ್ಯಾಂಕಿನವರು ಅವನ ಬೆನ್ನು ಹತ್ತಲಿ. ಜೊತೆಗೆ ಒಂದು ಕ್ರಿಮಿನಲ್ ಪ್ರಕರಣ ದಾಖಲಿಸಿದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಆಗ ಸಹಿ ತಾನಾಗಿ ಬರುತ್ತದೆ.

ಹಳೆಯ ಕಡತ:

ನೇರನುಡಿಯವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ಮಾತನ್ನು ಈ ಹೆಣ್ಣುಮಗಳು ನಂಬಿದರೆ ಬೀದಿಗೆ ಬೀಳುತ್ತಾಳೆ. 90 ದಿನ ಕಂತು ತಪ್ಪಿದರೆ ಸಾಲವು ವಸೂಲಾಗದ ಸಾಲವಾಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು. ಅದೂ ಮುಗಿದರೆ ನ್ಯಾಯಾಲಯಕ್ಕೆ ದಾವೆ ಹೂಡದೆಯೇ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಬ್ಯಾಂಕು ಟೊರಾಂಟೊಗೆ ಹೋಗುವುದಿಲ್ಲ. ಹತ್ತಿರವಿರುವ ಬಾಗಿಲನ್ನೇ ತಟ್ಟುತ್ತದೆ. ಸಾಲ ತೀರಿಸುವ ಶಿಸ್ತನ್ನು ತೋರಿಸುವ ಸಿಬಿಲ್ ಅಂಕ ಇಬ್ಬರದೂ ಬೀಳುತ್ತದೆ, ಆದರೆ ಈಗ ಹೊಸ ಸಾಲ ಬೇಕಾಗಿರುವುದು ಇವರಿಗೆ.

ಚಾಮುಂಡಿ ತಪ್ಪಲು:

ಅಕ್ಕ, ನಿಮ್ಮ ಬರಹ ಓದಿ ಕೈ ನಡುಗಿತು. ನಾನು ಮೈಸೂರಿನವಳು. ನನ್ನ ಗಂಡ ಅಮೆರಿಕದಲ್ಲಿದ್ದರು. 2019ರಲ್ಲಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನವಾಯಿತು. "ಮನೆಯ ಹಕ್ಕನ್ನು ಮುಂದೆ ಬಿಟ್ಟುಕೊಡುತ್ತೇನೆ" ಎಂಬ ಒಂದು ಸಾಲು ಒಪ್ಪಂದದಲ್ಲಿತ್ತು. ಆ "ಮುಂದೆ" ಎಂಬ ಪದವೇ ನನಗೆ ಮುಳುವಾಯಿತು. ತೀರ್ಪು ಕೈಗೆ ಸಿಕ್ಕ ಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಎರಡು ವರ್ಷದ ನಂತರ ಒಪ್ಪಿದಾಗ ನಾವು ಗಂಡ ಹೆಂಡತಿಯಾಗಿ ಉಳಿದಿರಲಿಲ್ಲ. ಕುಟುಂಬದೊಳಗಿನ ಪತ್ರಕ್ಕೆ ಸಿಗುವ ಮುದ್ರಾಂಕ ಶುಲ್ಕದ ರಿಯಾಯಿತಿ ಕೈತಪ್ಪಿತು, ಹೊರಗಿನವರಿಂದ ಆಸ್ತಿ ಕೊಂಡಂತೆ ಲೆಕ್ಕ ಹಾಕಿದರು. ಆ ದಿನ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತದ್ದು ಇನ್ನೂ ನೆನಪಿದೆ. ನೋಂದಣಿ ಮೊದಲು ಆಗಲಿ, ತೀರ್ಪು ಆಮೇಲೆ ಬರಲಿ. ನನ್ನಿಂದ ನಿಮಗೆ ಇಷ್ಟೇ ಹೇಳಲು ಸಾಧ್ಯ.

ಕರಿಕೋಟು:

ನಾನು ಬೆಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿ ವಕೀಲೆ. ಚಾಮುಂಡಿ ತಪ್ಪಲಿನವರು ಅನುಭವದಿಂದ ಹೇಳಿದ್ದು ಕಾನೂನಿನ ಮಾತೂ ಹೌದು. ಪಾರಿಜಾತ ಅವರೇ, ನಿಮ್ಮ ಮದುವೆ ಹಿಂದೂ ವಿವಾಹ ಕಾಯ್ದೆಯಡಿ ಆಗಿದ್ದರೆ ಗಂಡ ಎಲ್ಲಿದ್ದರೂ ನೀವು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಹೆಂಡತಿಗೆ ಈ ಅನುಕೂಲವನ್ನು 2003ರ ತಿದ್ದುಪಡಿ ಕೊಟ್ಟಿದೆ. ಗಂಡ ಹೆಂಡತಿಯ ನಡುವಿನ ಆಸ್ತಿ ವ್ಯಾಜ್ಯವನ್ನೂ 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 7ನೇ ಕಲಮಿನಡಿ ಅದೇ ನ್ಯಾಯಾಲಯ ಕೇಳುತ್ತದೆ.

ಮನೆ ಯಾರದು ಎಂಬ ಪ್ರಶ್ನೆಗೆ ಬರುತ್ತೇನೆ. ಕೆಲವು ದೇಶಗಳಲ್ಲಿರುವಂತೆ ಮದುವೆಯ ನಂತರ ಗಳಿಸಿದ್ದೆಲ್ಲ ಇಬ್ಬರಿಗೂ ಸಮಪಾಲು ಎಂಬ ನಿಯಮ ನಮ್ಮಲ್ಲಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮು, ಯಾರು ಎಷ್ಟು ಹಣ ಹಾಕಿದರೋ ಆ ಪ್ರಮಾಣದಲ್ಲಿ ಪಾಲು ಎನ್ನುತ್ತದೆ. ಪುರಾವೆ ಇಲ್ಲದಿದ್ದಾಗ ಮಾತ್ರ ಸಮಪಾಲು ಎಂದು ಭಾವಿಸಲಾಗುತ್ತದೆ. ಹಾಗಾಗಿ ಒಡವೆ ಮಾರಿದ ರಸೀದಿಯನ್ನು ಹುಡುಕಿ ತೆಗೆದಿಡಿ. ಅವರು "ಅರ್ಧ" ಎನ್ನುವುದು ಒಂದು ಬೇಡಿಕೆ, ಇನ್ನೂ ತೀರ್ಮಾನವಾದ ಹಕ್ಕಲ್ಲ. ನೀವೊಬ್ಬರೇ ಕಟ್ಟಿದ 26 ಕಂತುಗಳ ಮೊತ್ತ 10 ಲಕ್ಷದ 83 ಸಾವಿರ ದಾಟುತ್ತದೆ. ಮಗಳ ಖರ್ಚಿಗೆ ಅವರು ಕೊಡದೆ ಉಳಿಸಿಕೊಂಡಿರುವುದೂ ಇದೆ. ಅವೆರಡನ್ನೂ ಮೇಜಿನ ಮೇಲಿಟ್ಟೇ ಮಾತನಾಡಬೇಕು.

ಅವರು ಒಪ್ಪಿ ಬಂದರೆ 13ಬಿ ಅರ್ಜಿ, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ. ಅದರಲ್ಲಿ ಫ್ಲ್ಯಾಟಿನ ಪೂರ್ಣ ವಿವರ, ಖಾತಾ ಸಂಖ್ಯೆ, ಚಕ್ಕುಬಂದಿ ಎಲ್ಲವೂ ಷೆಡ್ಯೂಲಿನಲ್ಲಿ ಬರಲಿ. ಮೊದಲ ಹಂತಕ್ಕೂ ಎರಡನೆಯ ಹಂತಕ್ಕೂ ನಡುವೆ ಆರು ತಿಂಗಳ ಅಂತರವಿರುತ್ತದೆ. ಸೂಕ್ತ ಪ್ರಕರಣಗಳಲ್ಲಿ ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅವರು ತಮ್ಮ ಪಾಲನ್ನು ನಿಮಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ಈ ಅಂತರದಲ್ಲೇ ನೋಂದಣಿಯಾಗಬೇಕು. ಆಗ ನೀವಿನ್ನೂ ಗಂಡ ಹೆಂಡತಿ.

ಅವರು ಒಪ್ಪದಿದ್ದರೆ? ವಿಚ್ಛೇದನದ ಜೊತೆಗೆ ಆಸ್ತಿಯ ದಾವೆಯನ್ನೂ ಹೂಡಬೇಕು. ವಿದೇಶಕ್ಕೆ ಸಮನ್ಸು ಹೇಗ್ ಒಪ್ಪಂದದ ಮಾರ್ಗವಾಗಿ ಹೋಗುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅವರು ಹಾಜರಾಗದಿದ್ದರೆ ಏಕಪಕ್ಷೀಯವಾಗಿ ತೀರ್ಪು ಬರುತ್ತದೆ. ಹಕ್ಕು ಬಿಟ್ಟುಕೊಡಬೇಕೆಂಬ ತೀರ್ಪು ಬಂದ ಮೇಲೂ ಅವರು ಸಹಿ ಹಾಕದೆ ಕುಳಿತರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 34ನೇ ನಿಯಮ ಇದೆ. ಪತ್ರದ ಕರಡನ್ನು ನ್ಯಾಯಾಲಯಕ್ಕೆ ಕೊಡುತ್ತೀರಿ, ಆಕ್ಷೇಪಣೆಗೆ ಅವಕಾಶವಿರುತ್ತದೆ. ಆಮೇಲೆ ಅವರ ಪರವಾಗಿ ನ್ಯಾಯಾಧೀಶರು ಅಥವಾ ಅವರು ನೇಮಿಸಿದ ಅಧಿಕಾರಿಯೇ ಸಹಿ ಹಾಕುತ್ತಾರೆ. ಆ ಸಹಿಗೆ ನಿಮ್ಮ ಗಂಡನ ಸಹಿಯಷ್ಟೇ ಬೆಲೆ. ಅಂದರೆ ಟೊರಾಂಟೊದಲ್ಲಿ ಕುಳಿತ ಒಬ್ಬರ ಹಠ ನಿಮ್ಮನ್ನು ಜೀವನಪೂರ್ತಿ ಕಟ್ಟಿಹಾಕಲಾರದು.

ಕ್ರಿಮಿನಲ್ ಪ್ರಕರಣದ ಬಗ್ಗೆ ಒಂದು ಮಾತು. ನಿಜವಾಗಿಯೂ ಹಿಂಸೆ ನಡೆದಿದ್ದರೆ ದೂರು ಕೊಡಿ, ನಾನೇ ಜೊತೆಗೆ ಬರುತ್ತೇನೆ. ಸಹಿಯೊಂದನ್ನು ಕೀಳಲು ದೂರು ಕೊಡುವುದನ್ನು ನಾನು ಒಪ್ಪುವುದಿಲ್ಲ. ಅವರು ತಮ್ಮ ಪಾಲನ್ನು ಬೇರೆಯವರಿಗೆ ಮಾರದಂತೆ ತಡೆಯಬೇಕಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19ನೇ ಕಲಮಿನಡಿ ವಾಸದ ಹಕ್ಕಿನ ಆದೇಶವನ್ನು ಕೇಳಬಹುದು. ಆರ್ಥಿಕವಾಗಿ ಕೈಬಿಡುವುದೂ ಆ ಕಾಯ್ದೆಯ ಪ್ರಕಾರ ದೌರ್ಜನ್ಯವೇ.

ಪಾರಿಜಾತ:

ಮೇಡಂ, "ನ್ಯಾಯಾಲಯವೇ ಸಹಿ ಹಾಕುತ್ತದೆ" ಎಂಬ ಮಾತನ್ನು ನಾಲ್ಕು ಸಲ ಓದಿದೆ. ಇಷ್ಟು ದಿನ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಇವತ್ತು ರಾತ್ರಿ ನಿದ್ದೆ ಬರಬಹುದು. ವಕೀಲರ ಶುಲ್ಕದ್ದೇ ಈಗ ಯೋಚನೆ. ಇನ್ನೊಂದು ಭಯವೂ ಇದೆ. ಅವರ ತಂಗಿ ನಮ್ಮ ಅಮ್ಮನಿಗೆ ಫೋನ್ ಮಾಡಿ, "ಅಣ್ಣ ಅಲ್ಲಿಯೇ ವಿಚ್ಛೇದನ ತೆಗೆದುಕೊಳ್ಳುತ್ತಾನೆ" ಎಂದಳಂತೆ. ಅಲ್ಲಿನ ಕೋರ್ಟು ನನ್ನ ಮನೆಯನ್ನು ಕಿತ್ತುಕೊಳ್ಳಬಹುದೇ?

ಕರಿಕೋಟು:

ಶುಲ್ಕಕ್ಕೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. 15100ಕ್ಕೆ ಕರೆ ಮಾಡಿ.

ಬೆಂಗಳೂರಿನ ಫ್ಲ್ಯಾಟಿನ ಒಡೆತನವನ್ನು ಒಂಟಾರಿಯೊದ ನ್ಯಾಯಾಲಯ ಬದಲಿಸಲಾರದು. ವಿಚ್ಛೇದನದ ವಿಷಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ದಾರಿ ತೋರಿಸಿದೆ: ನಮ್ಮ ವಿವಾಹ ಕಾಯ್ದೆಯಲ್ಲಿಲ್ಲದ ಕಾರಣದ ಮೇಲೆ, ನೀವು ಒಪ್ಪಿ ಹಾಜರಾಗದೆ, ವಿದೇಶದಲ್ಲಿ ಪಡೆದ ವಿಚ್ಛೇದನವನ್ನು ಇಲ್ಲಿ ಒಪ್ಪಬೇಕಿಲ್ಲ. ಆದರೆ ಅಲ್ಲಿಂದ ಕಾಗದ ಬಂದರೆ ಡ್ರಾಯರಿನಲ್ಲಿ ಹಾಕಿ ಸುಮ್ಮನಿರಬೇಡಿ. ಆ ದಿನವೇ ವಕೀಲರಿಗೆ ತೋರಿಸಿ.

ಒಂಟಾರಿಯೊ ಕನ್ನಡಿಗ:

ನಾನು ಮಿಸಿಸಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿಂದ ಕಾಣುವ ಎರಡು ಸಂಗತಿ ಹೇಳುತ್ತೇನೆ.

ಮೊದಲನೆಯದು ಕಾಗದಪತ್ರ. ಅವರು ಬೆಂಗಳೂರಿಗೆ ಬರಲೇಬೇಕಾಗಿಲ್ಲ. ನೋಂದಣಿ ಕಾಯ್ದೆಯ 33ನೇ ಕಲಮಿನ ಪ್ರಕಾರ, ಹೊರದೇಶದಲ್ಲಿರುವವರು ನೋಟರಿಯ ಮುಂದೆ ಅಥವಾ ಭಾರತೀಯ ದೂತಾವಾಸದ ಅಧಿಕಾರಿಯ ಮುಂದೆ ಮುಖ್ತಾರುನಾಮೆಗೆ (ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ) ಸಹಿ ಹಾಕಿದರೆ ಸಾಕು. ಕೆನಡಾ 2024ರ ಜನವರಿ 11ರಿಂದ ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಂದೇ ಮುದ್ರೆಯಿಂದ ಒಪ್ಪುವ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದೆ, ಭಾರತ 2005ರಲ್ಲೇ ಸೇರಿದೆ. ಹಾಗಾಗಿ ನೋಟರಿ ಮಾಡಿಸಿ, ಪ್ರಾಂತ್ಯದ ಕಚೇರಿಯಿಂದ ಅಪೊಸ್ಟಿಲ್ ಮುದ್ರೆ ಹಾಕಿಸಬಹುದು. ಆ ಪತ್ರ ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ನನ್ನ ಭಾವನ ಪತ್ರ ಅಣ್ಣನ ಬೀರುವಿನಲ್ಲಿ ನಾಲ್ಕು ತಿಂಗಳು ಕುಳಿತು ಕೆಲಸಕ್ಕೆ ಬಾರದೆ ಹೋಯಿತು. ಮುಖ್ತಾರುನಾಮೆ ಈ ಒಂದು ಮನೆಗೆ, ಈ ಒಂದು ಕೆಲಸಕ್ಕೆ ಮಾತ್ರ ಇರಲಿ.

ಎರಡನೆಯದನ್ನು ಹೇಳಲು ಸ್ವಲ್ಪ ಹಿಂಜರಿಕೆ. ಅವರು ಯಾಕೆ ಸಹಿ ಹಾಕುತ್ತಿಲ್ಲ ಎಂದು ಯಾರಾದರೂ ಕೇಳಿದ್ದೀರಾ? ಇಲ್ಲಿಗೆ ಬಂದ ಹುಡುಗರು ಮೊದಲ ವರ್ಷಗಳಲ್ಲಿ ಎಷ್ಟು ಕಷ್ಟಪಡುತ್ತಾರೆಂದು ನೋಡಿದ್ದೇನೆ. ಮನೆಯೂ ಹೋಯಿತು, ಸಾಲ ಮಾತ್ರ ತಲೆಯ ಮೇಲೆ ಉಳಿಯಿತು ಎಂಬ ಭಯ ಅವರಿಗಿರಬಹುದು.

ಪಾರಿಜಾತ:

ಅಣ್ಣ, ಕಷ್ಟ ಅವರೊಬ್ಬರಿಗೇ ಇತ್ತೇ? ಮಗಳಿಗೆ ಡೆಂಗಿ ಜ್ವರ ಬಂದಾಗ ಆಸ್ಪತ್ರೆಯ ಬಿಲ್ಲಿನ ಫೋಟೊ ಕಳಿಸಿದ್ದೆ. ಗೆರೆ ನೀಲಿಯಾಯಿತು. ಅಷ್ಟೇ.

ಒಂಟಾರಿಯೊ ಕನ್ನಡಿಗ:

ಕ್ಷಮಿಸಿ ತಂಗಿ. ಆ ಮೌನಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ, ಮಾಡುವುದೂ ಇಲ್ಲ. ನಾನು ಹೇಳಹೊರಟದ್ದು ಇಷ್ಟು: ಅವರಿಗೆ ಇದರಿಂದ ಏನು ಸಿಗುತ್ತದೆ ಎಂಬುದನ್ನು ಕಾಗದದ ಮೇಲೆ ತೋರಿಸಿ. ಇಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕುವವರು ತಮ್ಮ ಹೆಸರಿನಲ್ಲಿರುವ ಎಲ್ಲ ಸಾಲಗಳನ್ನೂ ತಿಳಿಸಬೇಕಾಗುತ್ತದೆ. ಭಾರತದ 38 ಲಕ್ಷ ತೀರಿದೆ ಎಂಬ ಪತ್ರ ಅವರ ಕೈಗೆ ಬರುವುದಾದರೆ ಅದು ಸಣ್ಣ ಲಾಭವಲ್ಲ. "ನಿನ್ನ ಪಾಲು ಬಿಡು" ಎಂಬ ಮಾತಿನ ಪಕ್ಕದಲ್ಲೇ "ನಿನ್ನ ಸಾಲವನ್ನು ನಾನು ತೀರಿಸುತ್ತೇನೆ" ಎಂಬ ಮಾತೂ ಇರಲಿ.

ಜಮಾಖರ್ಚು:

ತೆರಿಗೆಯ ಕಡೆಯಿಂದ ಒಂದು ಎಚ್ಚರಿಕೆ, ನಾನು ಲೆಕ್ಕಪರಿಶೋಧಕ. ಅವರ ಪಾಲಿಗೆ ನೀವು ಹಣ ಕೊಡುವುದಾದರೆ ಅದು ಅನಿವಾಸಿ ಭಾರತೀಯರಿಂದ ಆಸ್ತಿ ಕೊಂಡಂತೆ. ಇಲ್ಲಿ ವಾಸವಿರುವವರಿಂದ ಕೊಂಡಾಗ 50 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಬೆಲೆಗೆ ಹಿಡಿಯುವ ಶೇ 1ರ ತೆರಿಗೆ ಇದಕ್ಕೆ ಅನ್ವಯಿಸುವುದಿಲ್ಲ. ದೀರ್ಘಾವಧಿ ಲಾಭದ ಮೇಲೆ ಶೇ 12.5 ಹಾಗೂ ಸೆಸ್‌ನ ದರದಲ್ಲಿ ನೀವೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಹಿಡಿಯದೆ ಪೂರ್ತಿ ಹಣ ಕಳಿಸಿದರೆ ಆ ಹೊಣೆ ನಿಮ್ಮ ಕುತ್ತಿಗೆಗೆ. ಹಣ ಅವರ ಎನ್‌ಆರ್‌ಒ ಖಾತೆಗೆ (ಭಾರತದ ಆದಾಯಕ್ಕಾಗಿ ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ) ಹೋಗಲಿ.

ಹಣವಿಲ್ಲದೆ ಬಿಟ್ಟುಕೊಟ್ಟರೆ ಲೆಕ್ಕ ಬೇರೆ. ಗಂಡ ಹೆಂಡತಿಗೆ ಕೊಟ್ಟ ಉಡುಗೊರೆಗೆ ಪಡೆದವರ ಕೈಯಲ್ಲಿ ಆದಾಯ ತೆರಿಗೆ ಇಲ್ಲ. ವಿಚ್ಛೇದನವಾದ ಮರುದಿನ ನೀವು "ಸಂಬಂಧಿ" ಎಂಬ ಪಟ್ಟಿಯಿಂದ ಹೊರಗೆ. ಇದೂ ತೀರ್ಪಿಗೆ ಮೊದಲೇ ಮುಗಿಸಬೇಕೆನ್ನಲು ಒಂದು ಕಾರಣ. ಜೊತೆಗೆ 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಹೊರಗಿನವರಂತೆ ಕ್ರಯ ಮಾಡಿಸಿಕೊಂಡರೆ ಅದೂ ಶೇ 5ರ ಮುದ್ರಾಂಕ ಶುಲ್ಕದ ಜೊತೆ ಸೇರುತ್ತದೆ.

ಕರಿಕೋಟು:

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಂಥ ಒಪ್ಪಂದಗಳಲ್ಲಿ ಎರಡೂ ಕಡೆ ಅನುಮಾನವಿರುತ್ತದೆ. ಎರಡನೆಯ ಹಂತಕ್ಕೆ ಮೊದಲು ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. "ಮನೆ ಬರೆದುಕೊಟ್ಟ ಮೇಲೆ ಇವಳು ವಿಚ್ಛೇದನಕ್ಕೆ ಒಲ್ಲೆ ಎಂದರೆ?" ಎಂದು ಅವರೂ ಹೆದರುತ್ತಾರೆ. ಹೀಗಾಗಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರದಲ್ಲಿ ಪ್ರತಿ ಹೆಜ್ಜೆಗೂ ದಿನಾಂಕ ಹಾಕಿ ಬರೆಸಿಕೊಳ್ಳಿ. ವಿಡಿಯೊ ಮೂಲಕವೂ ಮಾತುಕತೆ ನಡೆಯುತ್ತದೆ. ನಿಮ್ಮ ಜೀವನಾಂಶವನ್ನು ಬೇಕಾದರೆ ನೀವು ಬಿಟ್ಟುಕೊಡಿ. ಮಗಳದ್ದನ್ನು ಮನೆಯ ಜೊತೆ ತೂಗಿ ಬಿಟ್ಟುಕೊಡಬೇಡಿ, ಅದು ನಿಮ್ಮದಲ್ಲ, ಅವಳದು.

ಪಾರಿಜಾತ (ಏಳು ತಿಂಗಳ ನಂತರ):

ಇಷ್ಟು ದಿನ ಬರೆಯಲಿಲ್ಲ. ಮುಗಿಯುವವರೆಗೆ ಬಾಯಿ ಬಿಡಬಾರದು ಎಂದು ಅಮ್ಮ ಹೇಳಿದ್ದರು.

ಉಚಿತ ಕಾನೂನು ನೆರವಿನಿಂದ ಒಬ್ಬ ವಕೀಲೆ ಸಿಕ್ಕರು. ಮೊದಲು ವಿಚ್ಛೇದನ ಮತ್ತು ಆಸ್ತಿಯ ಅರ್ಜಿ ಹಾಕಿದೆವು, ಅದರ ಪ್ರತಿಯನ್ನು ಅವರಿಗೆ ಇಮೇಲ್ ಮಾಡಿದೆವು. ಹನ್ನೆರಡನೇ ದಿನ ಅವರ ಅಣ್ಣ ದಾವಣಗೆರೆಯಿಂದ ಫೋನ್ ಮಾಡಿದರು. ಎರಡು ವರ್ಷದ ಮೌನ ಒಂದು ಅರ್ಜಿಯಿಂದ ಮುರಿಯಿತು. ಮಧ್ಯಸ್ಥಿಕೆಯ ನಾಲ್ಕು ಕೂಟಗಳು ನಡೆದವು. ನಾನು ಒಂಟಾರಿಯೊ ಅಣ್ಣ ಹೇಳಿದಂತೆ ಒಂದೇ ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಹೋಗಿದ್ದೆ: ಅವರು ಹಾಕಿದ್ದು, ನಾನು ಹಾಕಿದ್ದು, ನಾನೊಬ್ಬಳೇ ಕಟ್ಟಿದ ಕಂತು, ಮಗಳ ಶಾಲೆ, ಆಸ್ಪತ್ರೆ, ಮುಂದೆ ನಾನು ಹೊರುವ 38 ಲಕ್ಷ. ಮೂರನೇ ಕೂಟದಲ್ಲಿ ಅವರು ಆ ಹಾಳೆಯನ್ನು ಪರದೆಯ ಮೇಲೆ ಬಹಳ ಹೊತ್ತು ನೋಡಿದರು. "ಆಸ್ಪತ್ರೆಯದ್ದು ನನಗೆ ಗೊತ್ತಿತ್ತು" ಎಂದರು. ಮತ್ತೇನೂ ಹೇಳಲಿಲ್ಲ. ನಾಲ್ಕನೇ ಕೂಟದಲ್ಲಿ ಒಪ್ಪಿದರು. ಅವರ ಪಾಲು ನನಗೆ, ನನ್ನ ಜೀವನಾಂಶದ ಕೋರಿಕೆಯೂ ಹಳೆಯ ಕಂತುಗಳ ಬಾಕಿಯೂ ಅದರಲ್ಲಿ ವಜಾ. ಮಗಳಿಗೆ ತಿಂಗಳಿಗೆ 15 ಸಾವಿರ ಬೇರೆ. ಅರ್ಜಿಯನ್ನು ಪರಸ್ಪರ ಒಪ್ಪಿಗೆಗೆ ಬದಲಿಸಿದೆವು.

ಹಳೆಯ ಕಡತದ ಸರ್, ನಡೆದ ಕ್ರಮ ಹೀಗಿತ್ತು: ಮೊದಲು ಹೊಸ ಬ್ಯಾಂಕಿನಿಂದ ನನ್ನ ಹೆಸರಿಗೆ ಸಾಲದ ಮಂಜೂರಾತಿ ಪತ್ರ, ಆಮೇಲೆ ಹಳೆಯ ಬ್ಯಾಂಕಿನ ನಿರಾಕ್ಷೇಪಣಾ ಪತ್ರ. ಟೊರಾಂಟೊದಿಂದ ಬಂದ ಮುಖ್ತಾರುನಾಮೆಗೆ ಜಿಲ್ಲಾ ನೋಂದಣಿ ಕಚೇರಿಯಲ್ಲಿ ಮುದ್ರಾಂಕ, ಅದರ ಅಧಿಕಾರ ಪಡೆದ ಭಾವನವರು ಬಂದು ಬಿಡುಗಡೆ ಪತ್ರಕ್ಕೆ ಸಹಿ, ಹಳೆಯ ಸಾಲ ಚುಕ್ತಾ. ಮೂಲ ದಾಖಲೆಗಳನ್ನು ಕೊಡಲು ಹಳೆಯ ಬ್ಯಾಂಕು ಇನ್ನೂ ಸಮಯ ಬೇಕು ಎಂದಾಗ, ಸಾಲ ತೀರಿದ 30 ದಿನಗಳೊಳಗೆ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕಿನ 2023ರ ಆದೇಶವನ್ನು ನಮ್ಮ ವಕೀಲೆ ನೆನಪಿಸಿದರು. ಮೂರು ದಿನದಲ್ಲಿ ಬಂತು.

ಎರಡನೆಯ ಹಂತದ ವಿಚಾರಣೆ ಮುಂದಿನ ತಿಂಗಳು ಇದೆ. ಅವರು ವಿಡಿಯೊದಲ್ಲಿ ಹಾಜರಾಗುತ್ತಾರೆ.

ಬಿಡುಗಡೆ ಪತ್ರದ ದಿನ ಉಪನೋಂದಣಿ ಕಚೇರಿಯಲ್ಲಿ ಭಾವನವರು ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ಒರೆಸಿಕೊಳ್ಳುತ್ತಾ, "ಮಗುವನ್ನು ಬೇಸಿಗೆ ರಜೆಗೆ ಊರಿಗೆ ಕಳಿಸಮ್ಮ, ಅಜ್ಜಿ ಕೇಳುತ್ತಿರುತ್ತಾರೆ" ಎಂದರು. ಕಳಿಸುತ್ತೇನೆ ಎಂದೆ. ಆಸ್ತಿ ತೆರಿಗೆಯ ದಾಖಲೆಯಾದ ಇ-ಖಾತಾ ಬದಲಾವಣೆಗೆ ನಿನ್ನೆ ಅರ್ಜಿ ಹಾಕಿದ್ದೇನೆ. ಅದಕ್ಕೆ, ಆಸ್ತಿಯ ಮೇಲಿನ ಸಾಲಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ ಹಳೆಯ ಸಾಲ ತೀರಿದ ನಮೂದು ಬರುವವರೆಗೆ ಕಾಯಬೇಕೇ ಎಂದು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಹಳೆಯ ಕಡತ:

ಕಾಯಬೇಕಾಗಿಲ್ಲ ತಂಗಿ, ಅರ್ಜಿ ಅದರ ಪಾಡಿಗೆ ನಡೆಯಲಿ. ಆದರೆ ಆ ನಮೂದು ಬಂದಿದೆಯೇ ಎಂದು ತಿಂಗಳು ಬಿಟ್ಟು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಋಣಭಾರ ಪತ್ರ ತೆಗೆಸಿ ನೋಡಿ. ಬಂದಿಲ್ಲವಾದರೆ ಹಳೆಯ ಬ್ಯಾಂಕಿಗೆ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.